ಆ ‘ಸಂಪೂರ್ಣ’ವನ್ನು ತೆಗೆದು ಮತ್ತೆ ಕಳಿಸಿ

ನಮಸ್ಕಾರ.

‘ಎಂಬತ್ತರಲ್ಲೂ ಬೈಪಾಸ್: ಭಯವೇಕೆ?’ ಲೇಖನ ತಲುಪಿತು. 81ರ ನಿಮ್ಮ ದೊಡ್ಡಪ್ಪನ ಆಪರೇಷನ್ ಕಥೆ ಓದಿಸಿಕೊಂಡು ಹೋಗುತ್ತದೆ. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುವುದನ್ನೂ ಸರಳವಾಗಿ ವಿವರಿಸಿದ್ದೀರಿ. ಆದರೆ ಈ ಸಲ ಹಾಕುತ್ತಿಲ್ಲ.

ನಿಮ್ಮ ಮೊದಲ ವಾಕ್ಯ: ‘ಬೈಪಾಸ್ ಈಗ ಎಲ್ಲ ವಯಸ್ಸಿನವರಿಗೂ ಸಂಪೂರ್ಣ ಸುರಕ್ಷಿತ.’ ಈ ‘ಸಂಪೂರ್ಣ’ ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಕಟಕ್ಕೆಂದಿತು. ಎದೆಮೂಳೆ ಸೀಳಿ ಮಾಡುವ ಆಪರೇಷನ್ ಇದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಡಾಕ್ಟರೇ ಆಡದ ಮಾತನ್ನು ನೀವು ಆಡಿದ್ದೀರಿ.

ಎರಡನೆಯದು: ‘ನೂರರಲ್ಲಿ 98 ಮಂದಿ ಬದುಕುತ್ತಾರೆ.’ ಯಾವ ನೂರು? ಎಲ್ಲ ವಯಸ್ಸಿನವರನ್ನೂ ಸೇರಿಸಿ, ಮೊದಲೇ ದಿನ ಗೊತ್ತುಮಾಡಿ ನಡೆಸುವ ಆಪರೇಷನ್‌ಗಳ ಲೆಕ್ಕ ಹೆಚ್ಚುಕಡಿಮೆ ಅದು. ಎಂಬತ್ತು ದಾಟಿದವರನ್ನಷ್ಟೇ ಎಣಿಸಿದರೆ ಸಾವಿನ ಅಪಾಯ ಅದರ ಎರಡು ಮೂರು ಪಟ್ಟು ಇರುತ್ತದೆ. ಹಾರ್ಟ್ ಅಟ್ಯಾಕ್ ಆಗಿ ತುರ್ತಾಗಿ ಮಾಡಬೇಕಾಗಿ ಬಂದರೆ ಇನ್ನೂ ಜಾಸ್ತಿ. ನಿಮ್ಮ ಲೇಖನ ಎಂಬತ್ತರವರ ಬಗ್ಗೆ, ಅಂಕಿ ಮಾತ್ರ ಊರವರದ್ದೆಲ್ಲ!

ಮೂರನೆಯದು: ‘ವಯಸ್ಸೆಂಬುದು ಬರೀ ಸಂಖ್ಯೆ.’ ಹುಟ್ಟುಹಬ್ಬದ ಕಾರ್ಡಿಗೆ ಸರಿ. ಇದರ ಹಿಂದೆ ಒಂದು ನಿಜವಾದ ವಿಷಯವಿತ್ತು, ನೀವು ಕೆದಕಲಿಲ್ಲ. ಡಾಕ್ಟರು ವಯಸ್ಸೊಂದನ್ನೇ ನೋಡುವುದಿಲ್ಲ. ಕಿಡ್ನಿ ಹೇಗಿದೆ, ಶ್ವಾಸಕೋಶ ಹೇಗಿದೆ, ಹಿಂದೆ ಸ್ಟ್ರೋಕ್ ಆಗಿತ್ತಾ ಅಂತ ಕೇಳುತ್ತಾರೆ. ಕೆಲವು ಕಡೆ ನಡೆಸಿಯೂ ನೋಡುತ್ತಾರೆ. ಐದು ಮೀಟರ್ ನಡೆಯಲು ಆರು ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅಪಾಯ ಜಾಸ್ತಿ ಅಂತ ಲೆಕ್ಕ. ನಿಮ್ಮ ದೊಡ್ಡಪ್ಪ ದಿನಾ ವಾಕಿಂಗ್ ಹೋಗುತ್ತಿದ್ದರು ಅಂತ ನಾಲ್ಕನೇ ಪ್ಯಾರಾದಲ್ಲಿ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಲೇಖನ ಅಲ್ಲೇ ಇತ್ತು, ಅಲ್ವಾ?

ನಾನು ಕೆಲಸ ಕಲಿಯುವಾಗ ನಮ್ಮ ಹಿರಿಯ ಉಪಸಂಪಾದಕರೊಬ್ಬರು ಬೈಯುತ್ತಲೇ ಇರಲಿಲ್ಲ. ನನ್ನ ಬರಹದಿಂದ ‘ಸಂಪೂರ್ಣ’, ‘ಕೇವಲ’, ‘ಖಂಡಿತ’ಗಳನ್ನು ಬ್ಲೇಡಿನಿಂದ ಕತ್ತರಿಸಿ ಬೆಂಕಿಪೊಟ್ಟಣದಲ್ಲಿ ಹಾಕಿಡುತ್ತಿದ್ದರು. ತಿಂಗಳ ಕೊನೆಗೆ ಪೊಟ್ಟಣ ನನ್ನ ಮೇಜಿಗೆ ಬಂತು. ‘ನಿಮ್ಮ ಸಾಮಾನು, ತಗೊಳ್ಳಿ’ ಅಂದರು. ತುಂಬಿತ್ತು. ಒಂದು ವಾರ ಅವರ ಜೊತೆ ಮಾತಾಡಲಿಲ್ಲ ನಾನು. ಈಗ ನೀವೂ ನನ್ನ ಜೊತೆ ಹಾಗೇ ಮಾಡಬಹುದು, ಅಡ್ಡಿಯಿಲ್ಲ.

ಇನ್ನು ನಿಮ್ಮ ಕೊನೆಯ ವಾಕ್ಯ: ‘ಎಂಟನೇ ದಿನ ನಗುನಗುತ್ತಾ ಮನೆಗೆ ಬಂದರು.’ ಆಮೇಲೆ? ಸೀಳಿದ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ಆಪರೇಷನ್ ಆದ ಎರಡು ಮೂರನೇ ದಿನ ಎದೆಬಡಿತ ತಾಳ ತಪ್ಪುವುದು ವಯಸ್ಸಾದವರಲ್ಲಿ ತೀರಾ ಸಾಮಾನ್ಯ. ಕೆಲವರಿಗೆ ರಾತ್ರಿ ಹೊತ್ತು ಗಲಿಬಿಲಿಯಾಗಿ ಮಕ್ಕಳ ಗುರುತೂ ಸಿಗುವುದಿಲ್ಲ. ಹೆಚ್ಚಿನವರಿಗೆ ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಮೊದಲೇ ಗೊತ್ತಿಲ್ಲದ ಮನೆಯವರು ಹೆದರಿ ಕಂಗಾಲಾಗುತ್ತಾರೆ.

ಓದುಗರನ್ನು ಹೆದರಿಸಿ ಅಂತಲ್ಲ. ಎದೆನೋವು ಕಳೆದು ಆರಾಮಾಗಿ ಓಡಾಡುವ ಎಂಬತ್ತರವರು ಬೇಕಾದಷ್ಟು ಇದ್ದಾರೆ. ನಿಮ್ಮ ದೊಡ್ಡಪ್ಪನೂ ಅವರಲ್ಲೊಬ್ಬರು. ನಿಮ್ಮ ದೊಡ್ಡಮ್ಮನ ಹತ್ತಿರ ಹೋಗಿ ಕೂತು, ಮೊದಲ ಮೂರು ತಿಂಗಳು ಹೇಗೆ ಕಳೆಯಿತು ಅಂತ ಕೇಳಿ. ಅವರು ಹೇಳಿದ್ದನ್ನು ಬರೆದು ಕಳಿಸಿ. ಕಾಯುತ್ತೇನೆ.