ಅಜ್ಜನ ಗಿಟಾರು, ಸೊಸೈಟಿಯ ಸೆಕ್ರೆಟರಿ

ಹೋದ ಸಂಚಿಕೆಯಲ್ಲಿ, ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಹಿರಿಯ ಗಿಟಾರಿಸ್ಟ್, ಹಾಡುಗಾರ ಬಡ್ಡಿ ಗೈ ಅವರ ಹೊಸ ಆಲ್ಬಮ್ ಬಗ್ಗೆ ಬರೀ ಒಂದು ಸಾಲು ಬರೆದಿದ್ದೆ, "ಚೆನ್ನಾಗುಂಟು, ಆದ್ರೆ ಸ್ಟೇಜ್ ಮೇಲಿನ ಅಜ್ಜನೇ ಬೇರೆ" ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ. ಈ ಮುಂಬೈ-ಪುಣೆ ಕಡೆ ಕನ್ನಡದವ್ರಲ್ಲಿ ಬ್ಲೂಸ್ ಕೇಳೋರು ನಾನೂ ನನ್ನ ಭಾವನೂ ಇಬ್ರೇ ಅಂದ್ಕೊಂಡಿದ್ದೆ, ಅಲ್ಲ ಅಂತ ಈಗ ಗೊತ್ತಾಯ್ತು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಬೈದು ಬರೆದವ್ರದ್ದನ್ನೂ ಬಿಟ್ಟಿಲ್ಲ.

ಪ್ರ: ನೀವು ಹಾಗೆ ಬರೆದದ್ದು ಸರಿಯಿಲ್ಲ ಸಾರ್. ಆಫೀಸಿಗೆ ಹೋಗ್ತಾ ಬರ್ತಾ ಲೋಕಲ್‌ನಲ್ಲಿ ಆಲ್ಬಮ್ ನಾಲ್ಕು ಸಲ ಪೂರ್ತಿ ಕೇಳಿದೀನಿ. ಈ ವಯಸ್ಸಲ್ಲಿ ಹೀಗೆ ಹಾಡೋರು ಯಾರಿದಾರೆ ತೋರಿಸಿ. "ಸ್ಟೇಜ್ ಮೇಲಿನ ಅಜ್ಜನೇ ಬೇರೆ" ಅಂದ್ರೆ ಏನರ್ಥ?
ಡೊಂಬಿವಲಿಯ ಅಭಿಮಾನಿ

ಉ: ಆಲ್ಬಮ್ ಕೆಟ್ಟದು ಅಂತ ನಾನು ಹೇಳೇ ಇಲ್ಲ ಮಾರಾಯ್ರೆ. "ಏಂಟ್ ಡನ್ ವಿತ್ ದ ಬ್ಲೂಸ್" ಬಂದದ್ದು 2025ರ ಜುಲೈ 30ಕ್ಕೆ, ಅವತ್ತು ಅವರಿಗೆ 89 ತುಂಬಿತು. ನಮ್ಮನೆಗಳಲ್ಲಿ ಆ ವಯಸ್ಸಿನವ್ರು ಒಂದು ಬಲ್ಬ್ ಬದಲಾಯಿಸೋಕೆ ಸ್ಟೂಲ್ ಹತ್ತಿದ್ರೆ ಗಲಾಟೆ ಆಗುತ್ತೆ, ಇವ್ರು 18 ಟ್ರ್ಯಾಕ್ ಕೊಟ್ಟಿದಾರೆ. ದನಿ ಮೇಲಕ್ಕೆ ಹೋದಾಗ ಸ್ವಲ್ಪ ಸೀಳುತ್ತೆ, ಆ ಸೀಳು ನಂಗೆ ಇಷ್ಟ. ಅತಿಥಿಗಳು ಮಾತ್ರ ಸ್ವಲ್ಪ ಜಾಸ್ತಿ ಆಯ್ತು, ಜೋ ವಾಲ್ಶ್, ಪೀಟರ್ ಫ್ರಾಂಪ್ಟನ್, ಜೋ ಬೊನಮಾಸ, ಕಿಂಗ್‌ಫಿಶ್ ಇಂಗ್ರಾಂ, ಎಲ್ಲರೂ ದೊಡ್ಡ ಗಿಟಾರಿಸ್ಟ್‌ಗಳೇ, ಆದ್ರೆ ಮದುವೆ ಮಂಟಪದಲ್ಲಿ ಫೋಟೋಗೆ ಅಂತ ಎಲ್ರೂ ಹತ್ತಿ ನಿಂತ್ರೆ ಮದುಮಗ ಎಲ್ಲಿ ಅಂತ ಹುಡುಕ್ಬೇಕಾಗುತ್ತೆ. ಹತ್ತು ಹಾಡು ಸಾಕಿತ್ತು ಅನ್ನೋದು ನನ್ನ ಲೆಕ್ಕ.

ಈಗ ಸ್ಟೇಜ್ ಮಾತಿಗೆ ಬರ್ತೀನಿ. ಮಹೀಂದ್ರಾ ಬ್ಲೂಸ್ ಫೆಸ್ಟಿವಲ್ 2011ರಲ್ಲಿ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ಶುರುವಾದಾಗ, ಆ ಮೊದಲನೇ ವರ್ಷವೇ ಬಡ್ಡಿ ಗೈ ಬಂದಿದ್ರು, ನಾನೂ ಭಾವನೂ ಹಿಂದೆ ಒಂದು ಕಂಬದ ಹತ್ರ ನಿಂತಿದ್ವಿ. ಜೋರು ಇರುತ್ತೆ ಅಂತ ಗೊತ್ತಿತ್ತು, ಕಿವಿಗೆ ಹತ್ತಿ ಇಟ್ಕೊಂಡೇ ಹೋಗಿದ್ವಿ. ಆದ್ರೆ ನೆನಪಿರೋದು ಜೋರಲ್ಲ. ನಡುವೆ ಒಂದು ಕಡೆ ಬ್ಯಾಂಡನ್ನ ಕೈಸನ್ನೆಯಲ್ಲೇ ಇಳಿಸ್ತಾ ಇಳಿಸ್ತಾ ಹೋದ್ರು, ಡ್ರಮ್ಮು ಬರೀ ಟಿಕ್ ಟಿಕ್, ಗಿಟಾರ್ ವಾಲ್ಯೂಮ್ ಹತ್ರಹತ್ರ ಸೊನ್ನೆ, ಮೈಕ್‌ನಿಂದ ದೂರ ನಿಂತು ಪಿಸುಮಾತಲ್ಲಿ ಒಂದು ಸಾಲು. ಅಷ್ಟು ದೊಡ್ಡ ಹಾಲ್‌ನಲ್ಲಿ ನನ್ನ ಹಿಂದೆ ಯಾರೋ ಬ್ಯಾಗಿನ ಝಿಪ್ ಎಳೆದದ್ದು ಕೇಳಿಸ್ತು. ಆಮೇಲೆ ಒಂದೇ ಒಂದು ಸ್ವರ ಹೊಡೆದ್ರು ನೋಡಿ, ಎದೆಗೂಡೇ ಅದುರಿತು, ಭಾವನ ಬಿಯರ್ ಅರ್ಧ ಅಂಗಿ ಮೇಲೆ. ಆ ಒಂದು ಸ್ವರ ಅಷ್ಟು ಜೋರು ಅನ್ನಿಸಿದ್ದು ಅದರ ಹಿಂದಿನ ಒಂದು ನಿಮಿಷ ಏನೂ ಇರಲಿಲ್ಲ ಅಂತ.

ರೆಕಾರ್ಡಲ್ಲಿ ಆ ಅಂತರ ಉಳಿಯಲ್ಲ. ಈಗಿನ ಆಲ್ಬಮ್‌ಗಳಲ್ಲಿ ಕಂಪ್ರೆಶನ್ ಅಂತ ಮಾಡ್ತಾರೆ, ಮೆಲ್ಲಗಿರೋದನ್ನ ಮೇಲಕ್ಕೆ ಎತ್ತಿ ಜೋರಿರೋದನ್ನ ಒತ್ತಿ ಎರಡನ್ನೂ ಹತ್ರ ತರೋದು. ಯಾಕೆ ಅಂದ್ರೆ ನಿಮ್ಮಂಥವ್ರು ಲೋಕಲ್‌ನಲ್ಲಿ ಕೇಳೋದು, ಕುರ್ಲಾ ದಾಟುವಾಗ ಗಾಡಿ ಸದ್ದಿನ ಮಧ್ಯೆ ಪಿಸುಮಾತು ಕೇಳಿಸೋದುಂಟಾ? ಹಾಗಾಗಿ ನಿಮಗೆ ಸರಿಯಾಗೇ ಕೇಳಿಸಿದೆ, ನಂಗೆ ರಾತ್ರಿ ಮನೇಲಿ ಕೂತು ಕೇಳಿದಾಗ ಎಲ್ಲಾ ಒಂದೇ ಎತ್ತರದಲ್ಲಿ ಉಂಟಲ್ಲ ಅನ್ನಿಸ್ತು. ಇಬ್ಬರದ್ದೂ ಸರಿ. ಆದ್ರೂ ನನ್ನದು ಸ್ವಲ್ಪ ಜಾಸ್ತಿ ಸರಿ.

ಇದರಲ್ಲಿ ಇನ್ನೊಂದು ತಮಾಷೆ ಉಂಟು. 60ರ ದಶಕದಲ್ಲಿ ಶಿಕಾಗೋದ ಚೆಸ್ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿಯವ್ರು ಬಡ್ಡಿ ಗೈಗೆ ಜೋರಾಗಿ ನುಡಿಸೋಕೆ ಬಿಡ್ತಾನೇ ಇರಲಿಲ್ಲ, ಅದು ಬರೀ ಗದ್ದಲ ಅಂತಿದ್ರು. ಆಮೇಲೆ ಇಂಗ್ಲೆಂಡಿನ ರಾಕ್ ಹುಡುಗ್ರು, ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಎಲ್ಲ ಅದೇ ಗದ್ದಲ ಮಾಡಿ ದುಡ್ಡು ಬಾಚಿದ ಮೇಲೆ ಆ ಕಂಪನಿಯ ಯಜಮಾನ ಲೆನರ್ಡ್ ಚೆಸ್ ಇವರನ್ನ ಆಫೀಸಿಗೆ ಕರೆಸಿ, ಬಗ್ಗಿ ನಿಂತು, "ಒದಿ ನಂಗೆ" ಅಂದ್ರಂತೆ. ಇದು ಬಡ್ಡಿ ಗೈ ಸ್ವತಃ ಎಷ್ಟೋ ಕಡೆ ಹೇಳಿರೋ ಕಥೆ.

ಪ್ರ: ಹೆಸರೇ ಬಡ್ಡಿ ಅಂತೆ, ಅಸಲು ಎಷ್ಟು?
ಘಾಟ್‌ಕೋಪರ್‌ನ ಬ್ಯಾಂಕ್ ಗುಮಾಸ್ತ

ಉ: ಅಸಲು ಅಂದ್ರೆ ಲೂಸಿಯಾನಾದ ಲೆಟ್ಸ್‌ವರ್ತ್‌ನಲ್ಲಿ ಹತ್ತಿ ಬಿಡಿಸಿದ ಬಾಲ್ಯ, ಮತ್ತೆ 1957ರಲ್ಲಿ ಶಿಕಾಗೋಗೆ ಹತ್ತಿದ ರೈಲಿನ ಟಿಕೆಟು. 80ರ ದಶಕದಲ್ಲಿ ಕಂಪನಿಗಳು ಕೈಬಿಟ್ಟು ಬಡ್ಡಿ ನಿಂತೇಹೋಗಿತ್ತು, 1991ರ ಆಲ್ಬಮ್‌ನಿಂದ ಬಾಕಿ ಸಮೇತ ಬರ್ತಾ ಉಂಟು.

ಪ್ರ: ನಮ್ಮ ಯಜಮಾನ್ರು 47ನೇ ವಯಸ್ಸಲ್ಲಿ ಗಿಟಾರ್ ಕಲಿಯೋಕೆ ಶುರು ಮಾಡಿದಾರೆ. ಅದಾದ್ರೂ ಪರವಾಗಿಲ್ಲ, ಯಾರ ಹತ್ರನೋ ಸೆಕೆಂಡ್ ಹ್ಯಾಂಡ್ 50 ವಾಟ್‌ನ ವಾಲ್ವ್ ಆಂಪ್ (ಹಳೇ ರೇಡಿಯೋ ಥರ ಗಾಜಿನ ವಾಲ್ವ್ ಇರೋ ಗಿಟಾರ್ ಆಂಪ್ಲಿಫೈಯರ್) ತಂದು ಹಾಲ್‌ನಲ್ಲಿ ಇಟ್ಟಿದಾರೆ. ನಮ್ಮದು ಒನ್ ಬಿಎಚ್‌ಕೆ. ಕಮ್ಮಿ ಮಾಡಿ ಅಂದ್ರೆ "ಕಮ್ಮಿ ಇಟ್ರೆ ಆ ಟೋನ್ ಬರಲ್ಲ" ಅಂತಾರೆ. ಹೌಸಿಂಗ್ ಸೊಸೈಟಿ ಸೆಕ್ರೆಟರಿ ಎರಡು ಸಲ ಬಾಗಿಲು ತಟ್ಟಿ ಹೋದ್ರು. ಇವ್ರು ಹೇಳ್ತಿರೋದು ನಿಜವಾ ಸುಳ್ಳಾ ಅಷ್ಟು ಹೇಳಿ.
ಠಾಣೆ, ಹೆಸರು ಬೇಡ

ಉ: ಅಕ್ಕ, ಬೇಜಾರು ಮಾಡ್ಕೋಬೇಡಿ, ನಿಜ. ವಾಲ್ವ್ ಆಂಪ್‌ನ ಗುಣವೇ ಅದು, ಅದರ ತಾಕತ್ತಿನ ತುದಿಗೆ ತಳ್ಳಿದಾಗ ಗಿಟಾರ್ ಸಿಗ್ನಲ್ಲಿನ ಅಲೆಯ ತಲೆ ಚಪ್ಪಟೆಯಾಗಿ ಹೊಸ ಸ್ವರಾಂಶಗಳು ಸೇರ್ಕೊಂಡು ಆ ಗರಗರ ದನಿ ಬರೋದು. ಕಮ್ಮಿ ಇಟ್ರೆ ಶುದ್ಧವಾಗಿ ಕೇಳಿಸುತ್ತೆ, ಬ್ಲೂಸ್‌ನವ್ರಿಗೆ ಶುದ್ಧ ಬೇಡ. ಹಾಗಂತ ನೀವು ಸೋತ್ರಿ ಅಂತಲ್ಲ. ಐದು ವಾಟ್‌ನದ್ದು ತಗೊಂಡ್ರೆ ಹತ್ತನೇ ಒಂದು ಭಾಗ ಸದ್ದು ಅಂತ ಅವ್ರು ನಾಳೆ ಹೇಳ್ಬಹುದು, ನಂಬ್ಬೇಡಿ, 50ರಿಂದ 5ಕ್ಕೆ ಇಳಿದ್ರೆ 10 ಡೆಸಿಬಲ್ ಇಳಿಯುತ್ತೆ ಅಷ್ಟೆ, ಕಿವಿಗೆ ಸುಮಾರು ಅರ್ಧ ಅನ್ನಿಸುತ್ತೆ. ಆಂಪ್‌ಗೂ ಸ್ಪೀಕರ್‌ಗೂ ಮಧ್ಯೆ ಹಾಕೋ ಅಟೆನ್ಯುಯೇಟರ್ ಅಂತ ಒಂದು ಡಬ್ಬಿ ಬರುತ್ತೆ, ಅದು ಹೆಚ್ಚಿನ ಶಕ್ತಿಯನ್ನ ಬಿಸಿ ಮಾಡಿ ಕಳೆಯುತ್ತೆ, ಟೋನ್ ಸುಮಾರು ಉಳಿಯುತ್ತೆ. ಅದಕ್ಕಿಂತ ಅಗ್ಗಕ್ಕೆ, ಹೆಡ್‌ಫೋನ್ ಹಾಕೋ ಚಿಕ್ಕ ಡಿಜಿಟಲ್ ಪೆಟ್ಟಿಗೆಗಳು ಧೋಬಿ ತಲಾವ್ ಕಡೆ ಮ್ಯೂಸಿಕ್ ಅಂಗಡಿಗಳಲ್ಲಿ ಸಿಗ್ತವೆ. ಆಂಪನ್ನ ನೆಲದಿಂದ ಎತ್ತಿ ಸ್ಟೂಲಿನ ಮೇಲಿಡಿ, ಕೆಳಗೆ ದಪ್ಪ ರಬ್ಬರ್ ಹಾಕಿ, ಸ್ಲ್ಯಾಬ್ ಮೂಲಕ ಇಳಿಯೋ ಗುಂಯ್ ಕಮ್ಮಿಯಾಗುತ್ತೆ. ಸ್ಪೀಕರ್ ವೈರ್ ಕಿತ್ತಿಟ್ಟು ಆನ್ ಮಾಡೋ ಐಡಿಯಾ ಮಾತ್ರ ಯಾರೂ ಮಾಡ್ಬೇಡಿ, ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ, ಆಮೇಲೆ ನೀವೇ ಬೇಕಂತ ಮಾಡಿದ್ದು ಅಂತ ಬರುತ್ತೆ.

ಸೆಕ್ರೆಟರಿ ಕಡೆ ಕಾನೂನೂ ಉಂಟು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರೋ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ 45. ನಾವು ಊಟದ ಟೇಬಲ್ ಹತ್ರ ಮಾತಾಡೋದೇ 55-60 ಆಗುತ್ತೆ. ಯಜಮಾನ್ರಿಗೆ ಸಂಜೆ ಒಂದು ಗಂಟೆ ಫಿಕ್ಸ್ ಮಾಡಿ, ಸೆಕ್ರೆಟರಿಗೂ ಮೊದಲೇ ಹೇಳಿಡಿ, ಸಾಧ್ಯ ಆದ್ರೆ ಗೋಳಿಬಜೆ ಕಳಿಸಿ.

ಪ್ರ: ಮಗನಿಗೆ 16. ಪುಣೆಯಲ್ಲಿ ಒಂದು ರಾಕ್ ಷೋಗೆ ಹೋಗಿ ಬಂದ, ಸ್ಪೀಕರ್ ಮುಂದೇನೇ ನಿಂತಿದ್ನಂತೆ. ಎರಡು ದಿನ ಆಯ್ತು, ಕಿವಿಯಲ್ಲಿ ಗುಂಯ್ ಅಂತಿದೆ ಅಂತಾನೆ. ಗಣಪತಿ ವಿಸರ್ಜನೆಯ "ಡಾಲ್ಬಿ" ಸ್ಪೀಕರ್‌ಗಳ ಮುಂದೆ ಕುಣಿಯುವಾಗ ಏನೂ ಆಗ್ಲಿಲ್ಲ, ಇದಕ್ಕೆ ಯಾಕೆ? ಇನ್ಮೇಲೆ ಕಳಿಸ್ಬೇಕಾ ಬೇಡ್ವಾ?
ಕೋಥ್ರೂಡ್‌ನ ತಂದೆ

ಉ: ಮೊದಲು ಇವತ್ತೇ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಪತ್ರಿಕೆ ಉತ್ತರಕ್ಕೆ ಕಾಯೋ ವಿಷಯ ಅಲ್ಲ ಇದು. ಕಿವಿ ಎಷ್ಟು ಕೇಳಿಸುತ್ತೆ ಅಂತ ನೋಡೋ ಆಡಿಯೋಮೆಟ್ರಿ ಟೆಸ್ಟ್ ಮಾಡ್ತಾರೆ, ನೋವಾಗಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ, ಆದ್ರೆ ಒಂದು ಕಿವಿ ಫಕ್ಕನೆ ಮಂದ ಆಯ್ತು ಅಂದ್ರೆ ಒಂದು ದಿನವೂ ತಡ ಮಾಡ್ಬಾರ್ದು.

ಡಾಲ್ಬಿಯಿಂದ ಏನೂ ಆಗಿಲ್ಲ ಅಂತ ಹೇಳೋಕಾಗಲ್ಲ ಸ್ವಾಮಿ. ಒಳಕಿವಿಯಲ್ಲಿ ಕೂದಲಿನಂಥ ಕೋಶಗಳಿರ್ತವೆ, ಸತ್ರೆ ಮತ್ತೆ ಹುಟ್ಟಲ್ಲ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ ಹೋಗ್ತಿರ್ತವೆ, ಲೆಕ್ಕ ಗೊತ್ತಾಗೋದು ತಡವಾಗಿ. ಕೆಲಸದ ಜಾಗದ ಸದ್ದಿಗೆ ಅಮೆರಿಕದಲ್ಲಿ ಬಳಸೋ ಒಂದು ಲೆಕ್ಕ ಉಂಟು, 85 ಡೆಸಿಬಲ್ ಆದ್ರೆ ದಿನಕ್ಕೆ 8 ಗಂಟೆ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಟೈಮ್ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, ಹೀಗೆ ಹೋಗಿ 100ಕ್ಕೆ ಬರೀ 15 ನಿಮಿಷ. ಸ್ಪೀಕರ್ ಗೋಡೆ ಮುಂದೆ 100 ಅನ್ನೋದು ಏನೂ ದೊಡ್ಡ ವಿಷಯ ಅಲ್ಲ, ಷೋ ನಡೆಯೋದು ಎರಡು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೇ ಅಂತ ಒಂದು ಮಾನದಂಡ ತಂದಿದೆ, ಸರಾಸರಿ 100 ದಾಟ್ಬಾರ್ದು, ಇಯರ್‌ಪ್ಲಗ್ ಸಿಗ್ಬೇಕು, ಕಿವಿಗೆ ರೆಸ್ಟ್ ಕೊಡೋಕೆ ಒಂದು ನಿಶ್ಶಬ್ದದ ಮೂಲೆ ಇರ್ಬೇಕು ಅಂತ. ನಮ್ಮ ಕಡೆ ನಾನು ಹೋದ ಜಾಗದಲ್ಲಿ ಅಂಥ ಮೂಲೆ ಅಂದ್ರೆ ಟಾಯ್ಲೆಟ್ಟೇ.

ನಂದೂ ಹೇಳ್ಬಿಡ್ತೀನಿ. ಕೆಲವು ವರ್ಷದ ಹಿಂದೆ ಒಂದು ಚಿಕ್ಕ ಕ್ಲಬ್ಬಲ್ಲಿ, ತಗ್ಗು ಸೀಲಿಂಗು, ಮೂರು ಜನರ ಬ್ಲೂಸ್-ರಾಕ್ ಬ್ಯಾಂಡು, ಮೊದಲಿಂದ ಕೊನೆ ತನಕ ಒಂದೇ ಎತ್ತರದಲ್ಲಿ ಜೋರು, ಉಸಿರಾಡೋಕೂ ಜಾಗ ಇಲ್ಲ. ಹತ್ತಿ ಇಟ್ಕೊಂಡಿದ್ದೆ, ಹತ್ತಿಯಿಂದ ಏನೂ ಉಪಯೋಗ ಇಲ್ಲ ಅಂತ ಅವತ್ತು ಗೊತ್ತಾಯ್ತು. ಇವತ್ತಿಗೂ ರಾತ್ರಿ ಫ್ಯಾನ್ ನಿಂತಾಗ ಎಡಗಿವಿಯಲ್ಲಿ ಸಣ್ಣಗೆ ಜೀರುಂಡೆ ಕೂಗುತ್ತೆ. ಹಾಗಂತ ಹೋಗೋದು ಬಿಟ್ಟಿಲ್ಲ. ಮೆಡಿಕಲ್ ಸ್ಟೋರಲ್ಲಿ ಸಿಗೋ ಫೋಮ್ ಇಯರ್‌ಪ್ಲಗ್ ಚೆನ್ನಾಗಿ ಹೊಸೆದು ಒಳಗೆ ಹಾಕಿದ್ರೆ 20ರಿಂದ 30 ಡೆಸಿಬಲ್ ಇಳಿಯುತ್ತೆ, ಮ್ಯೂಸಿಶಿಯನ್‌ಗಳದ್ದು ಅಂತಾನೇ ಫಿಲ್ಟರ್ ಇರೋದು ಬರುತ್ತೆ, ಅದರಲ್ಲಿ ಹಾಡು ಹಾಡಾಗೇ ಕೇಳಿಸುತ್ತೆ. ಡಾಕ್ಟರು ಓಕೆ ಅಂದ ಮೇಲೆ ಮಗನ್ನ ಕಳಿಸಿ, ಸೌಂಡ್ ಡೆಸ್ಕ್ ಹತ್ರ ನಿಲ್ಲು ಅನ್ನಿ, ಸೌಂಡು ಅಲ್ಲೇ ಬೆಸ್ಟು, ಮಿಕ್ಸ್ ಮಾಡೋನು ತನ್ನ ಕಿವಿಗೆ ತಾನೇ ಸರಿ ಮಾಡ್ಕೊಂಡಿರ್ತಾನೆ.

ಪ್ರ: ಬ್ಲೂಸ್ ಅಂದ್ರೆ ಅಳುಮುಂಜಿ ಹಾಡು ಅಷ್ಟೇ ಅಲ್ವಾ? ನಮ್ಮ ಹಿಂದೂಸ್ತಾನಿ ಬಿಟ್ಟು ಇದನ್ನ ಯಾಕೆ ಕೇಳ್ಬೇಕು?
ವಾಸ್ಕೋ, ಗೋವಾ

ಉ: ಯಾರು ಬಿಡಿ ಅಂದ್ರು? ನಾನು ಪುಣೆಯ ಸವಾಯಿ ಗಂಧರ್ವಕ್ಕೂ ಹೋಗ್ತೀನಿ, ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಗುರುಗಳ ನೆನಪಿಗೆ ಶುರು ಮಾಡಿದ ಉತ್ಸವ ಅದು. ಆ ಕಿವಿ ಇಟ್ಕೊಂಡೇ ಇದನ್ನ ಕೇಳಿ ನೋಡಿ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ಮಧ್ಯೆ ಒಂದು ಜಾಗ ಉಂಟಲ್ಲ, ಬ್ಲೂಸ್‌ನವ್ರು ಮನೆ ಮಾಡಿರೋದೇ ಅಲ್ಲಿ. ಪಿಯಾನೋದಲ್ಲಿ ಅದು ಸಿಗಲ್ಲ, ಗಿಟಾರ್‌ನಲ್ಲಿ ತಂತಿಯನ್ನ ಅಡ್ಡಕ್ಕೆ ಎಳೀಬೇಕು, ಸಿತಾರ್‌ನಲ್ಲಿ ಮೀಂಡ್ ತೆಗೆಯೋ ಹಾಗೇನೇ. ಬ್ಲೂಸ್‌ನ ಮಾಮೂಲಿ ಚೌಕಟ್ಟು, ಹನ್ನೆರಡು ಬಾರ್ ಅನ್ನೋದು ನಾಲ್ಕು ನಾಲ್ಕು ಎಣಿಕೆಯ 48 ಮಾತ್ರೆಯ ಒಂದು ಆವರ್ತನ ಅಂದ್ಕೊಳ್ಳಿ, ಷಡ್ಜ, ಮಧ್ಯಮ, ಪಂಚಮದ ಮೇಲೆ ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರದ ಗೊಂಚಲುಗಳು, ಓಡಾಡಿ ಮನೆಗೆ ಬರ್ತವೆ. ಮನೆಗೆ ಬರೋದು ಎಲ್ರಿಗೂ ಗೊತ್ತಿರುತ್ತೆ, ದಾರೀಲಿ ಏನು ಮಾಡ್ತಾರೆ ಅನ್ನೋದೇ ಮಜಾ. ಅಳುಮುಂಜಿ ಅಂದ್ರಲ್ಲ, ಅರ್ಧ ಹಾಡುಗಳಲ್ಲಿ ನಗು ಉಂಟು, ಪೋಲಿತನವೂ ಉಂಟು, ಮಕ್ಕಳ ಮುಂದೆ ಅರ್ಥ ಹೇಳೋಕಾಗಲ್ಲ.

ಪ್ರ: ಲೈವ್‌ನಲ್ಲಿ ಬಡ್ಡಿ ಗೈ ಒಂದು ಹಾಡೂ ಪೂರ್ತಿ ಹಾಡಲ್ಲ. ಶುರು ಮಾಡ್ತಾರೆ, ಮಾತಾಡ್ತಾರೆ, ಇನ್ನೊಂದಕ್ಕೆ ಹಾರ್ತಾರೆ. ಕೊಟ್ಟ ದುಡ್ಡು ದಂಡ.
ವಾಶಿಯ ಲೆಕ್ಕಾಚಾರಿ

ಉ: ನಿಮ್ಮ ಪತ್ರ ಓದಿ ಒಂದು ಚಹಾ ಕುಡಿಯೋ ಹೊತ್ತು ಯೋಚಿಸ್ದೆ, ಯಾಕಂದ್ರೆ ಆರೋಪ ನಿಜ. ಇದರ ನಾಲ್ಕು ಸಾಲು, ಅದರ ಒಂದು ಚರಣ, ಮಧ್ಯೆ ಡ್ರಮ್ ಕಡ್ಡಿಯಿಂದ ಗಿಟಾರ್ ಬಾರಿಸೋದು, ಟವೆಲ್‌ನಿಂದ ತಂತಿಗೆ ಹೊಡೆಯೋದು, ನುಡಿಸ್ತಾ ನುಡಿಸ್ತಾ ಜನರ ಮಧ್ಯೆ ಇಳಿದು ಹೋಗೋದು. ಹಳೇ ಅಭಿಮಾನಿಗಳಿಗೂ ಇದು ಬೇಸರವೇ, ನನ್ನ ಭಾವನೂ ದಾರಿಯುದ್ದಕ್ಕೂ ಇದನ್ನೇ ಗೊಣಗ್ತಾ ಬಂದ. ನಂಗೆ ಅನ್ನಿಸೋದು, ಯಕ್ಷಗಾನಕ್ಕೆ ಹೋದಾಗ ಪ್ರಸಂಗ ಪೂರ್ತಿ ಆಯ್ತಾ ಅಂತ ನಾವು ಎಣಿಸಲ್ಲ, ಆ ಭಾಗವತರು ಆ ಒಂದು ಪದ ಹೇಗೆ ಎತ್ತಿದ್ರು ಅಂತ ವಾರಗಟ್ಟಲೆ ಮಾತಾಡ್ತೀವಿ. ಪೂರ್ತಿ ಹಾಡು ಬೇಕಂದ್ರೆ ಆಲ್ಬಮ್ ಉಂಟಲ್ಲ, 18 ಉಂಟು, ಡೊಂಬಿವಲಿಯವ್ರನ್ನ ಕೇಳಿ.

ಪ್ರ: ಬಡ್ಡಿ ಗೈ ಗಿಟಾರ್ ಮೇಲೆ ಆ ಬಿಳಿ ಚುಕ್ಕೆಗಳು ಯಾಕೆ?
ಏಳನೇ ಕ್ಲಾಸು, ಮಲಾಡ್

ಉ: ಊರು ಬಿಡುವಾಗ ಅಮ್ಮನಿಗೆ, ಶಿಕಾಗೋದಲ್ಲಿ ದುಡ್ಡು ಮಾಡಿ ಚುಕ್ಕೆ ಚುಕ್ಕೆಯ ಕ್ಯಾಡಿಲಾಕ್ ಕಾರಲ್ಲಿ ವಾಪಸ್ ಬರ್ತೀನಿ ಅಂತ ಸುಳ್ಳು ಹೇಳಿ ಹೋಗಿದ್ರಂತೆ ಪುಟ್ಟ. ಕಾರು ಬರೋದ್ರೊಳಗೆ ಅಮ್ಮ 1968ರಲ್ಲಿ ತೀರ್ಕೊಂಡ್ರು. ಆ ಚುಕ್ಕೆ ಈಗ ಗಿಟಾರ್ ಮೇಲೆ ಉಂಟು.

ಪ್ರ: ಕಾಲಾಘೋಡಾದ ರಿದಂ ಹೌಸ್‌ನಲ್ಲಿ ಕೊಂಡ ಬಡ್ಡಿ ಗೈ 1991ರ ಆಲ್ಬಮ್‌ನ ಕ್ಯಾಸೆಟ್ ನನ್ನ ಹತ್ರ ಉಂಟು. ಟೇಪ್ ರೆಕಾರ್ಡರ್ ಹಾಳಾಗಿದೆ, ಹಾಕಿದ್ರೆ ನುಂಗುತ್ತೆ. ಸೊಸೆ ಮನೆ ಕ್ಲೀನ್ ಮಾಡ್ತಾ ಇದನ್ನ ರದ್ದಿಯವ್ನಿಗೆ ಹಾಕ್ಲಾ ಅಂತಾಳೆ.
ಮಾಟುಂಗಾದ ಮಾವ

ಉ: ರಿದಂ ಹೌಸ್ 2016ರಲ್ಲೇ ಬಾಗಿಲು ಹಾಕ್ತು ಮಾವ, ಇನ್ನು ಆ ಸ್ಟಿಕ್ಕರ್ ಇರೋ ಕ್ಯಾಸೆಟ್ ಸಿಗಲ್ಲ. ತಪ್ಪು ಕ್ಯಾಸೆಟ್ಟಿಂದಲ್ಲ, ರೆಕಾರ್ಡರಿನ ರಬ್ಬರ್ ಬೆಲ್ಟೂ ರೋಲರೂ ಸವೆದಿರ್ಬೇಕು. ಲ್ಯಾಮಿಂಗ್ಟನ್ ರೋಡಲ್ಲಿ ಹುಡುಕಿದ್ರೆ ಈಗಲೂ ಹಾಕಿಕೊಡೋರು ಸಿಗಬಹುದು. ಹೊರಗೆ ಬಂದ ಟೇಪನ್ನ ಬೆರಳಲ್ಲಿ ಎಳೀಬೇಡಿ, ಪೆನ್ಸಿಲ್ ಹಾಕಿ ಮೆಲ್ಲಗೆ ಸುತ್ತಿ. ಸೊಸೆ ಅಷ್ಟಕ್ಕೂ ಒಪ್ಪದಿದ್ರೆ ರದ್ದಿಯವ್ನು ಕೊಡೋದಕ್ಕಿಂತ ಹತ್ತು ರೂಪಾಯಿ ಜಾಸ್ತಿ ನಾನು ಕೊಡ್ತೀನಿ, ಪತ್ರಿಕೆ ಆಫೀಸಿಗೆ ಫೋನ್ ಮಾಡಿ, ಭಾವನಿಗೆ ಗೊತ್ತಾಗೋ ಮುಂಚೆ.