29 ಎಲೆಕ್ಟ್ರಾನು ಕಿತ್ತು ತೂಗುವುದೇಕೆ?

ಪ್ರಶ್ನೆ: ಒಂದೇ ಪರಮಾಣುವನ್ನು ಬೋನಿನಲ್ಲಿ ಹಿಡಿದು ತೂಗುತ್ತಾರಂತೆ. ಹಿಡಿಯಲು ಒಂದು ಎಲೆಕ್ಟ್ರಾನು ಕಿತ್ತರೆ ಸಾಕಲ್ಲ, 29 ಏಕೆ?

ಉತ್ತರ: ಹಿಡಿಯಲು ಸಾಕು, ನಿಖರವಾಗಿ ತೂಗಲು ಸಾಲದು. ಕಾಂತ ಮತ್ತು ವಿದ್ಯುತ್ ಕ್ಷೇತ್ರಗಳಿಂದ ಹಿಡಿದಿಡುವ ಪೆನ್ನಿಂಗ್ ಬೋನಿನಲ್ಲಿ ಎಣಿಸುವುದು ಕಾಂತಕ್ಷೇತ್ರದಲ್ಲಿ ಅಯಾನು, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಪರಮಾಣು, ಹಾಕುವ ಸುತ್ತುಗಳನ್ನು. ಆವೇಶ ಹೆಚ್ಚಿದಷ್ಟೂ ಸುತ್ತು ಹೆಚ್ಚು, ದ್ರವ್ಯರಾಶಿ ಹೆಚ್ಚಿದಷ್ಟೂ ಕಡಿಮೆ. ಜರ್ಮನಿಯ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿರುವ ‘ಪೆಂಟಾಟ್ರ್ಯಾಪ್’ನ ಕಾಂತ 7 ಟೆಸ್ಲಾದ್ದು. ಅದರಲ್ಲಿ ಒಂದು ಎಲೆಕ್ಟ್ರಾನು ಕಳೆದುಕೊಂಡ ರೀನಿಯಂ-187 ಸೆಕೆಂಡಿಗೆ ಸುಮಾರು 5.75 ಲಕ್ಷ ಸುತ್ತು ಹಾಕಿದರೆ, 29 ಕಳೆದುಕೊಂಡದ್ದು 1.67 ಕೋಟಿ. ಎಣಿಕೆಯ ತಪ್ಪು ಎರಡರಲ್ಲೂ ಅಷ್ಟೇ ಎಂದಿಟ್ಟುಕೊಂಡರೂ ಫಲಿತಾಂಶದಲ್ಲಿ ಅದರ ಪಾಲು 29 ಪಟ್ಟು ಇಳಿಯುತ್ತದೆ. ಇದೇ ಅಯಾನಿನ ಒಂದು ಎಲೆಕ್ಟ್ರಾನು ಮೇಲಿನ ಮಟ್ಟಕ್ಕೇರಿದಾಗ ರಾಶಿ, ಶಕ್ತಿಯ ಮಾನದಲ್ಲಿ ಹೇಳಿದರೆ, 202 ಎಲೆಕ್ಟ್ರಾನ್‌ವೋಲ್ಟ್‌ನಷ್ಟು, ಅಂದರೆ ಸುಮಾರು ನೂರು ಕೋಟಿಯಲ್ಲೊಂದು ಪಾಲು, ಹೆಚ್ಚಿದ್ದನ್ನು ಅಲ್ಲಿನವರು ಅಳೆದು 2020ರಲ್ಲಿ ಪ್ರಕಟಿಸಿದರು.

ಪ್ರಶ್ನೆ: ಸುತ್ತು ಎಣಿಸುವುದು ಹೇಗೆ? ಎಡವುವುದೆಲ್ಲಿ?

ಉತ್ತರ: ಎಲೆಕ್ಟ್ರಾನ್ ಕಿರಣ ಹಾಯಿಸಿ ಅಯಾನು ತಯಾರಿಸುತ್ತಾರೆ. ಬೇಕಾದ ಆವೇಶದ್ದನ್ನಷ್ಟೇ ಆರಿಸಿ, ವೇಗ ತಗ್ಗಿಸಿ, ಒಂದರ ಮೇಲೊಂದಿರುವ ಐದು ಬೋನುಗಳೊಳಕ್ಕೆ ಇಳಿಸುತ್ತಾರೆ. ಒಳಗೆ 4 ಕೆಲ್ವಿನ್ ಚಳಿ. ಅಯಾನು ಓಲಾಡಿದಾಗ ವಿದ್ಯುದ್ವಾರಗಳಲ್ಲಿ ಫೆಮ್ಟೋಆಂಪಿಯರ್ ಮಟ್ಟದ, ಅಂದರೆ ಅತಿ ಕ್ಷೀಣ, ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಅದನ್ನು ಅತಿವಾಹಕ ಸುರುಳಿಗೆ ಹರಿಸಿದರೆ ಸಂಕೇತವೂ ಸಿಗುತ್ತದೆ, ಅಯಾನೂ ತಣ್ಣಗಾಗುತ್ತದೆ. ಅಯಾನಿಗೆ ಮೂರು ಚಲನೆ: ಅಕ್ಷದುದ್ದದ ಓಲಾಟ, ವೇಗದ ಸುತ್ತು, ನಿಧಾನದ ಸುತ್ತು. ಮೂರರ ಆವರ್ತನಗಳ ವರ್ಗ ಕೂಡಿ ವರ್ಗಮೂಲ ತೆಗೆದರೆ ಕಾಂತಕ್ಷೇತ್ರವೊಂದರಲ್ಲೇ ಹಾಕುತ್ತಿದ್ದ ಸುತ್ತಿನ ಲೆಕ್ಕ ಸಿಗುತ್ತದೆ. ಬೋನು ಕಾಂತಕ್ಷೇತ್ರಕ್ಕೆ ತುಸು ವಾರೆಯಾಗಿದ್ದರೂ ಈ ಉತ್ತರ ಕೆಡದು ಎಂಬುದೇ ಇದರ ಸೊಗಸು.

ಕೆಡಿಸುವುದು ಬೇರೆ. ನಿರ್ವಾತ ಸಾಲದಿದ್ದರೆ ಅಯಾನು ಉಳಿಕೆ ಅನಿಲದಿಂದ ಎಲೆಕ್ಟ್ರಾನು ಕಸಿದುಕೊಂಡು 29 ಇದ್ದದ್ದು 28 ಆಗುತ್ತದೆ; ಅಳತೆ ಅಲ್ಲಿಗೆ ನಿಂತಂತೆ. ಕಾಂತದ ದ್ರವ ಹೀಲಿಯಂನ ಮಟ್ಟವೋ ಒತ್ತಡವೋ ಬದಲಾದರೆ ಕ್ಷೇತ್ರ ಜರುಗುತ್ತದೆ. ಅದಕ್ಕೇ ಹೋಲಿಸಬೇಕಾದ ಎರಡು ಅಯಾನುಗಳನ್ನು ಒಂದೇ ಬೋನಿನಲ್ಲಿ ಸರದಿಯಂತೆ ಅಳೆದು ಅನುಪಾತ ತೆಗೆಯುತ್ತಾರೆ. ಇನ್ನೊಂದು ಅಯಾನು ಗೊತ್ತಾಗದಂತೆ ಒಳಗೆ ಸೇರಿಕೊಂಡಿದ್ದರೆ ಮಾತ್ರ ಆವರ್ತನ ಸದ್ದಿಲ್ಲದೆ ಸರಿಯುತ್ತದೆ. ಅನುಮಾನ ಬಂದರೆ ಬೋನು ಖಾಲಿ ಮಾಡಿ ಹೊಸದನ್ನು ತುಂಬುವುದೇ ಮೇಲು.

ಪ್ರಶ್ನೆ: ಕಿತ್ತ ಎಲೆಕ್ಟ್ರಾನುಗಳ ತೂಕದ ಗತಿ?

ಉತ್ತರ: ಅವುಗಳ ರಾಶಿ ಕೂಡಿ, ಕೀಳಲು ತಗಲಿದ ಬಂಧನಶಕ್ತಿಗೆ ಸಮನಾದ ರಾಶಿ ಕಳೆದರೆ ತಟಸ್ಥ ಪರಮಾಣುವಿನದು ಸಿಗುತ್ತದೆ. ಬಂಧನಶಕ್ತಿಯನ್ನು ಸಿದ್ಧಾಂತದಿಂದ ಲೆಕ್ಕ ಹಾಕಬೇಕು, ತೊಡಕು ಅಲ್ಲೇ. ಎರಡೂ ಅಯಾನುಗಳ ಆವೇಶ ಸಮನಾಗಿದ್ದರೆ ಬೇಕಾಗುವುದು ಬಂಧನಶಕ್ತಿಗಳ ವ್ಯತ್ಯಾಸವಷ್ಟೇ. ನ್ಯೂಟ್ರಿನೊ ರಾಶಿಯ ಪ್ರಯೋಗಗಳಿಗೆ ಬೇಕಾದ ಹೋಲ್ಮಿಯಂ-163, ಡಿಸ್ಪ್ರೋಸಿಯಂ-163 ಪರಮಾಣುಗಳ ರಾಶಿಯ ಅಂತರ ಹೀಗೇ ಸಿಕ್ಕಿದ್ದು: 2863.2 ಎಲೆಕ್ಟ್ರಾನ್‌ವೋಲ್ಟ್, ಅನಿಶ್ಚಿತತೆ 0.6.