ಜೋಳದ ಹೊಲದಲ್ಲಿ ಬರೀ ಹೆಣ್ಣು ಗುಬ್ಬಿಯೇ?

ಪ್ರಶ್ನೆ: ಮಳಿಗಾಲದಾಗ ಹಳ್ಳದ ಜಾಲಿಗಿಡದ ತುಂಬ ಗೀಜಗ ಇರತಾವ್ರೀ. ಹಿಂಗಾರಿ ಜೋಳ ತೆನಿ ಕಟ್ಟೂದ್ರಾಗ ಒಂದೂ ಕಾಣಂಗಿಲ್ಲ, ಹೊಲದಾಗ ಬರೇ ಹೆಣ್ಣು ಗುಬ್ಬಿ ಹಿಂಡು. ಗೀಜಗ ಎಲ್ಲಿ ವಲಸೆ ಹೋಗತಾವ?
– ನವಲಗುಂದದ ಓದುಗರು

ಎಲ್ಲಿಗೂ ಹೋಗಿಲ್ಲ. ನಿಮ್ಮ ತೆನೆಯ ಮೇಲೆ ಕೂತಿರುವುದೇ ಗೀಜಗ. ಪ್ರತಿ ಹಿಂಗಾರಿಗೂ ಇದೇ ಪ್ರಶ್ನೆ ಬರುತ್ತದೆ, ಗೀಜಗ ತಿಂದ ಕಾಳಿನ ಲೆಕ್ಕವೆಲ್ಲ ಗುಬ್ಬಿಯ ಖಾತೆಗೆ ಬೀಳುತ್ತದೆ. ಎರಡೂ ಕಾಳು ತಿನ್ನುವ ಹಕ್ಕಿಗಳೇ, ಆದರೆ ಕುಟುಂಬ ಬೇರೆ: ಗುಬ್ಬಿ ಪ್ಯಾಸರಿಡೆ, ಗೀಜಗ ಪ್ಲೋಸಿಡೆ.

ಗಂಡು ಗೀಜಗನ ಹಳದಿ ನೆತ್ತಿ, ಕಡುಗಂದು ಮುಖ ಗೂಡು ಕಟ್ಟುವ ಕಾಲಕ್ಕಷ್ಟೇ. ಆಮೇಲೆ ಗರಿ ಉದುರಿಸಿ ಅದೂ ಹೆಣ್ಣಿನಂತೆ ಮಾಸಲು ಕಂದಾಗುತ್ತದೆ. ಗಂಡು ಗುಬ್ಬಿ ಹಾಗಲ್ಲ. ಬೂದು ನೆತ್ತಿ, ಕಣ್ಣಿನ ಹಿಂದಿನ ಕೆಂಗಂದು ವರ್ಷವಿಡೀ ಇರುತ್ತವೆ. ಗಂಟಲ ಕಪ್ಪು ಮಾತ್ರ ಹೊಸ ಗರಿಯ ಅಂಚಿನಿಂದಾಗಿ ಚಳಿಗಾಲದಲ್ಲಿ ತುಸು ಮಸುಕು. ಹಾಗಾಗಿ ಒಂದು ಹಕ್ಕಿಯನ್ನೇ ದಿಟ್ಟಿಸುತ್ತ ಕೂರದೆ ಇಡೀ ಹಿಂಡು ನೋಡಿ. ಐವತ್ತರಲ್ಲಿ ಒಂದೂ ಗಂಡು ಗುಬ್ಬಿ ಇಲ್ಲವೆಂದರೆ ಅದು ಗುಬ್ಬಿ ಹಿಂಡಲ್ಲ.

ಆಮೇಲೆ ಕೊಕ್ಕು. ಗೀಜಗನದು ಬುಡದಲ್ಲಿ ದಪ್ಪ, ಹಣೆಯಿಂದ ಒಂದೇ ಇಳಿಜಾರಿನಲ್ಲಿ ಇಳಿಯುತ್ತದೆ. ಬಾಲ ಮೊಂಡು. ಭುಜದ ಹತ್ತಿರ ತಿಳಿಬಣ್ಣದ ಅಡ್ಡಪಟ್ಟಿ ಎದ್ದು ಕಂಡರೆ ಗುಬ್ಬಿ. ಹುಬ್ಬಿನ ಗೆರೆ ನಂಬಬೇಡಿ, ಎರಡಕ್ಕೂ ಇದೆ. ಹೆಚ್ಚಿನವರು ಎಡವುವುದು ಅಲ್ಲೇ. ಬೆಳಿಗ್ಗೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ, ಎದುರು ಬಿಸಿಲಲ್ಲಿ ಎಲ್ಲವೂ ಕಂದೇ. ಇನ್ನೂ ಅನುಮಾನವಿದ್ದರೆ ಸಂಜೆ ಹಿಂಡಿನ ಹಾದಿ ಹಿಡಿಯಿರಿ: ಕೆರೆಯ ಜೊಂಡಿಗೆ ಇಳಿದರೆ ಬಹುಮಟ್ಟಿಗೆ ಗೀಜಗ, ಊರೊಳಗಿನ ಗಿಡಕ್ಕೆ, ಮಾಳಿಗೆ ಮನೆಯ ಜಂತಿಗೆ ಬಂದರೆ ಗುಬ್ಬಿ.

ಪ್ರಶ್ನೆ: ಗುಬ್ಬಿ ಪೆಟ್ಟಿಗೆಗೆ ಗೀಜಗ ಬಂದೀತೆ? – ಗದಗ

ಬರುವುದಿಲ್ಲ. ಗುಬ್ಬಿಗಾದರೆ ತೂತು 32 ಮಿ.ಮೀ. ಇರಲಿ, ಮುಂದೆ ಕೂರುವ ಕಡ್ಡಿ ಬೇಡ.

ಪ್ರಶ್ನೆ: ಗೀಜಗ ಗೂಡಿಗೆ ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದಂತೆ, ನಿಜವೇ? – ಧಾರವಾಡ

ಸುಳ್ಳು. ಅಂಟಿಸುವುದು ಹಸಿ ಮಣ್ಣು, ಸಗಣಿ.

ಪ್ರಶ್ನೆ: ಗೀಜಗನ ಗೂಡು ಬಾಗಿಲಿಗೆ ಕಟ್ಟಿದರೆ ವಾಸ್ತುದೋಷ ಹೋಗುತ್ತದೆಯೇ? – ಹಾವೇರಿ

ಹಾಗೆಂದು ಹೇಳಿ ಮಾರುವವನು ನಿಮಗೂ ಮೋಸ ಮಾಡುತ್ತಾನೆ, ಹಕ್ಕಿಯನ್ನೂ ಕೊಲ್ಲುತ್ತಾನೆ. ಗಂಡು ಗೂಡನ್ನು ಅರ್ಧ ಹೆಣೆದಾಗ ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಮಾತ್ರ ಉದ್ದ ಕೊಳವೆ ಇಳಿಯುತ್ತದೆ, ಒಳಗೆ 2ರಿಂದ 4 ಮೊಟ್ಟೆ. ಮಾರುವವರು ಆರಿಸಿ ಕತ್ತರಿಸುವುದು ಆ ಚಂದದ ಕೊಳವೆ ಗೂಡನ್ನೇ. ಗಾಳಿಗೆ ಬಿದ್ದದ್ದು ಎಂದರೂ ಕೊಳ್ಳಬೇಡಿ; ಕೊಂಡರೆ ನಾಳೆ ಇನ್ನೊಂದು ಟೊಂಗೆ ಕತ್ತರಿಸುತ್ತಾರೆ.